ಮನೆತನದ ರಕ್ತವೂ ನಾಡಿನ ಆರೋಗ್ಯವೂ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯುಂಟು. 1970ರ ದಶಕದ ನಡುಭಾಗದಲ್ಲಿ ಈ ಹಳ್ಳಿಯ ಹೆಸರು ವೈದ್ಯರ ಗಮನಕ್ಕೆ ಬಂದಿತು. ಅಲ್ಲಿನ ಕೆಲವು ಮನೆಗಳಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ನೋಯಲಾರಂಭಿಸಿ, ಬರಬರುತ್ತ ಕಾಲುಗಳು ಸೊಟ್ಟಗಾಗಿ, ಗದ್ದೆಯಲ್ಲಿ ದುಡಿಯಬೇಕಾದವರು ನೆಲದ ಮೇಲೆ ತೆವಳುವ ಸ್ಥಿತಿಗೆ ಇಳಿದಿದ್ದರು. ಕೆಲವರ ದೇಹ ಎತ್ತರಕ್ಕೆ ಬೆಳೆಯದೆ ಕುಬ್ಜವಾಗಿಯೇ ನಿಂತಿತ್ತು. ರೋಗಿಗಳಲ್ಲಿ ಹೆಚ್ಚಿನವರು ಕೂಲಿಯಿಂದ ಜೀವಿಸುವ ಬಡ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿದರು. ಬತ್ತದ ಗದ್ದೆಗಳಿಗೆ ಆಗ ಹೊಸದಾಗಿ ಕೀಟನಾಶಕಗಳು ಬಂದಿದ್ದುವು. ಗದ್ದೆಯ ಏಡಿಗಳು ಬಡವರ ಆಹಾರವಾಗಿದ್ದುವು. ವಿಷ ಕುಡಿದ ಏಡಿಯನ್ನು ತಿಂದು ಈ ರೋಗ ಬಂದಿರಬಹುದೇ ಎಂಬ ಶಂಕೆ ಹುಟ್ಟಿದುದು ಸಹಜವೇ. ಆದರೆ ರೋಗವು ಊರಿಗೆ ಊರನ್ನೇ ಹಿಡಿಯದೆ ಕೆಲವು ಮನೆತನಗಳ ಬೆನ್ನು ಹತ್ತಿ ನಡೆದಿತ್ತು. ಆ ಮನೆತನಗಳ ವಂಶವೃಕ್ಷಗಳನ್ನು ಬರೆದು, ಮೂಳೆಗಳ ಕ್ಷ-ಕಿರಣ ಚಿತ್ರಗಳನ್ನು ತೆಗೆದು ನೋಡಿದ ಸಂಶೋಧಕರು, ತಂದೆ ತಾಯಿಗಳಲ್ಲಿ ಒಬ್ಬರಿಂದಲೇ ಮಗುವಿಗೆ ಬರಬಲ್ಲ ಆನುವಂಶಿಕ ದೋಷ ಇದೆಂದು 1990ರ ದಶಕದಲ್ಲಿ ತೋರಿಸಿಕೊಟ್ಟರು.

ಅನ್ನದ ದೋಷವೋ, ವಂಶದ ದೋಷವೋ ಎಂಬುದು ಒಂದು ಪ್ರಶ್ನೆ. ವಂಶದ್ದೆಂದು ತಿಳಿದ ಮೇಲೆ ಸರ್ಕಾರವು ಮಾಡಬೇಕಾದುದೇನು, ನೆರೆಹೊರೆಯವರಿಗೆ ಹೇಳಬೇಕಾದುದೇನು, ಆ ಮನೆಯ ಹುಡುಗಿಗೆ ಗಂಡು ಹುಡುಕುವವರು ಕೇಳಿದರೆ ಯಾರು ಏನು ಉತ್ತರ ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದು ತಳಿವಿಜ್ಞಾನಕ್ಕೆ ಸೇರಿದುದು. ಎರಡನೆಯದನ್ನು ಯಾವ ಶಾಸ್ತ್ರಕ್ಕೆ ಸೇರಿಸುವುದು? ಈ ಎರಡನ್ನೂ ಒಟ್ಟಿಗೆ ಹಿಡಿದು ಅಭ್ಯಸಿಸುವ ಒಂದು ಸ್ನಾತಕೋತ್ತರ ವಿದ್ಯೆ ಈಗ ಕೆಲವು ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಂಡಿದೆ. ಅದಕ್ಕೆ ಸಾರ್ವಜನಿಕ ಆರೋಗ್ಯ ತಳಿವಿಜ್ಞಾನ ಎಂದು ಹೆಸರು. ಹೆಸರು ಉದ್ದವಾದರೂ ಹುರುಳು ಸರಳ: ಒಬ್ಬ ರೋಗಿಯ ಜೀನುಗಳನ್ನಲ್ಲ, ಒಂದು ಜನಸಮುದಾಯದ ಜೀನುಗಳನ್ನು ಎದುರಿಗಿಟ್ಟುಕೊಂಡು, ಆ ಸಮುದಾಯದ ಆರೋಗ್ಯಕ್ಕಾಗಿ ಮಾಡಬಹುದಾದುದೇನು, ಮಾಡಬಾರದುದೇನು ಎಂದು ಆಲೋಚಿಸುವ ಶಾಸ್ತ್ರವಿದು.

ಸಾರ್ವಜನಿಕ ಆರೋಗ್ಯವೆಂದೊಡನೆ ನಮ್ಮ ನೆನಪಿಗೆ ಬರುವುದು ಶುದ್ಧವಾದ ನೀರು, ಮೈಲಿಬೇನೆಯ ಲಸಿಕೆ, ಸೊಳ್ಳೆಗಳ ನಿವಾರಣೆ. ಇವೆಲ್ಲ ಹೊರಗಿನ ಶತ್ರುಗಳೊಡನೆ ಮಾಡುವ ಯುದ್ಧ. ಹುಟ್ಟಿನಿಂದಲೇ ಒಳಗೆ ಕುಳಿತಿರುವ ದೋಷಕ್ಕೆ ಸರ್ಕಾರದ ಆರೋಗ್ಯ ಇಲಾಖೆ ಏನು ಮಾಡೀತು? ಹಣೆಯಲ್ಲಿ ಬರೆದುದನ್ನು ಅಳಿಸುವವರು ಯಾರು? ಈ ಭಾವನೆಯನ್ನು ಒಂದು ರೋಗವು ಬುಡಮೇಲು ಮಾಡಿತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ವಿದ್ಯೆಯ ತತ್ತ್ವಗಳೆಲ್ಲ ಅದರಲ್ಲಿ ಅಡಗಿವೆ.

ನಾರ್ವೆ ದೇಶದ ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಹುಟ್ಟುವಾಗ ಚೆನ್ನಾಗಿಯೇ ಇದ್ದ ಆ ಇಬ್ಬರ ಬುದ್ಧಿಯೂ ತಿಂಗಳು ಕಳೆದಂತೆ ಕುಂದುತ್ತ ಹೋಯಿತು. ಮಕ್ಕಳ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುವುದನ್ನು ತಾಯಿ ಗಮನಿಸಿದ್ದಳು. ವೈದ್ಯರ ಮನೆಯಿಂದ ವೈದ್ಯರ ಮನೆಗೆ ಅಲೆದು ಕೊನೆಗೆ 1934ರಲ್ಲಿ ಆಕೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನ ಬಳಿಗೆ ಬಂದಳು. ಫೋಲಿಂಗನು ವೈದ್ಯನೂ ಹೌದು, ರಸಾಯನ ವಿಜ್ಞಾನಿಯೂ ಹೌದು. ಮಕ್ಕಳ ಮೂತ್ರಕ್ಕೆ ಆತ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಹಾಕಿದಾಗ ಅದು ಅಚ್ಚಹಸುರು ಬಣ್ಣಕ್ಕೆ ತಿರುಗಿತು. ಹಿಂದೆ ಎಂದೂ ಕಾಣದ ಈ ಬಣ್ಣದ ಮೂಲವನ್ನು ಹುಡುಕಿ ಹೊರಟವನಿಗೆ ಫಿನೈಲ್ ಪೈರುವಿಕ್ ಆಮ್ಲ ಸಿಕ್ಕಿತು. ನಾವು ತಿನ್ನುವ ಬೇಳೆ, ಹಾಲು, ಮಾಂಸ ಎಲ್ಲದರಲ್ಲಿಯೂ ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲವುಂಟು. ಪಿತ್ತಜನಕಾಂಗದಲ್ಲಿರುವ ಒಂದು ಕಿಣ್ವವು ಅದನ್ನು ಟೈರೊಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಕಿಣ್ವವನ್ನು ತಯಾರಿಸುವ ಜೀನು ತಂದೆಯಿಂದ ಬಂದುದೂ ತಾಯಿಯಿಂದ ಬಂದುದೂ ಎರಡೂ ಕೆಟ್ಟಿದ್ದರೆ ಫಿನೈಲ್ ಅಲನಿನ್ ರಕ್ತದಲ್ಲಿ ತುಂಬಿಕೊಂಡು, ಬೆಳೆಯುತ್ತಿರುವ ಮಿದುಳನ್ನು ಹಾಳುಮಾಡುತ್ತದೆ. ಫಿನೈಲ್ ಕೀಟೊನೂರಿಯ ಎಂಬುದು ಈ ರೋಗದ ಹೆಸರು.

ಕೆಟ್ಟ ಜೀನನ್ನು ಸರಿಪಡಿಸುವ ಉಪಾಯವು ಆಗ ಇರಲಿಲ್ಲ. ಆದರೆ ವಿಷವಾಗುತ್ತಿರುವುದು ಆಹಾರವಷ್ಟೆ? ಆಹಾರವನ್ನೇ ಬದಲಿಸಿದರೆ? 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಆತನ ಸಂಗಡಿಗರು ಫಿನೈಲ್ ಅಲನಿನ್ ಅತ್ಯಲ್ಪವಾಗಿರುವ ಆಹಾರವನ್ನು ತಯಾರಿಸಿ ಒಂದು ಮಗುವಿಗೆ ಉಣಿಸಿದರು. ಎರಡು ವರ್ಷವಾಗಿದ್ದರೂ ನಿಲ್ಲಲಾರದಿದ್ದ ಆ ಮಗು ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಂಡಿತು. ಆದರೆ ಅದಕ್ಕೆ ಮೊದಲೇ ಮಿದುಳಿಗೆ ಆಗಿದ್ದ ಹಾನಿ ಮರಳಿ ತುಂಬಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯವನ್ನು ಆರಂಭಿಸಿದರೆ ಮಾತ್ರ ಮಗು ಎಲ್ಲ ಮಕ್ಕಳಂತೆ ಬೆಳೆಯಬಲ್ಲದು. ಆಗ ಮಗುವಿನಲ್ಲಿ ರೋಗದ ಯಾವ ಚಿಹ್ನೆಯೂ ಕಾಣುವುದಿಲ್ಲ. ಚಿಹ್ನೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿ. ಆತನ ಮಗನೊಬ್ಬನು ಬುದ್ಧಿಮಾಂದ್ಯನಾಗಿದ್ದನು. ಹತ್ತಿರದ ಸಂಬಂಧದ ಒಂದು ಹೆಣ್ಣುಮಗುವಿಗೆ ಇದೇ ಫಿನೈಲ್ ಕೀಟೊನೂರಿಯ ಇತ್ತು. ಸೂಕ್ಷ್ಮಾಣುಜೀವಿ ವಿಜ್ಞಾನದಲ್ಲಿ ಪಳಗಿದ್ದ ಗಥ್ರಿಯು ರೋಗಪರೀಕ್ಷೆಯ ಕೆಲಸವನ್ನು ಒಂದು ಬ್ಯಾಕ್ಟೀರಿಯಕ್ಕೇ ಒಪ್ಪಿಸಿದನು. ಆ ಬ್ಯಾಕ್ಟೀರಿಯ ಬೆಳೆಯದಂತೆ ತಡೆಯುವ ಒಂದು ರಾಸಾಯನಿಕವನ್ನು ಅದರ ಆಹಾರಕ್ಕೆ ಬೆರಸಿದನು. ಫಿನೈಲ್ ಅಲನಿನ್ ಹೇರಳವಾಗಿ ದೊರೆತರೆ ಮಾತ್ರ ಆ ತಡೆಯನ್ನು ದಾಟಿ ಅದು ಬೆಳೆಯಬಲ್ಲದು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ಸೋಸುಕಾಗದಕ್ಕೆ ಹೀರಿಸಿ, ಒಣಗಿಸಿ, ಅಂಚೆಯಲ್ಲಿ ಕಳುಹಿಸಿದರೆ ಸಾಕು. ಆ ಕಾಗದದ ಚುಕ್ಕೆಯನ್ನು ಬ್ಯಾಕ್ಟೀರಿಯದ ತಟ್ಟೆಯ ಮೇಲಿಟ್ಟಾಗ ಸುತ್ತಲೂ ಬೆಳೆವಣಿಗೆಯ ವಲಯ ಮೂಡಿದರೆ ಆ ರಕ್ತದಲ್ಲಿ ಫಿನೈಲ್ ಅಲನಿನ್ ಮಿತಿಮೀರಿದೆ ಎಂದರ್ಥ. 29 ಸಂಸ್ಥಾನಗಳಲ್ಲಿ 4 ಲಕ್ಷ ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ 39 ರೋಗಿಗಳು ದೊರೆತರು. 1963ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ಪರೀಕ್ಷೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿತು. ಜೀನಿನಲ್ಲಿ ಬಂದ ರೋಗವು ಹೀಗೆ ಆರೋಗ್ಯ ಇಲಾಖೆಯ ದಫ್ತರದೊಳಗೆ ಕಾಲಿಟ್ಟಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಪ್ರತ್ಯೇಕ ವಿದ್ಯೆಯೊಂದರ ಅಗತ್ಯವೇ ಇರುತ್ತಿರಲಿಲ್ಲ. ವಾಚಕರು ಈಗ ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಬೇಕು. ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗವೊಂದಿದೆಯೆನ್ನಿ. ಅದಕ್ಕೊಂದು ಒಳ್ಳೆಯ ಪರೀಕ್ಷೆಯೂ ಇದೆ. ಅದು ರೋಗವಿದ್ದ ಒಂದು ಮಗುವನ್ನೂ ಬಿಡುವುದಿಲ್ಲ. ಆರೋಗ್ಯವಂತ ಶಿಶುಗಳಲ್ಲಿ ಮಾತ್ರ ಸಾವಿರಕ್ಕೆ ಒಂದರಂತೆ ತಪ್ಪಾಗಿ ರೋಗವಿದೆಯೆಂದು ಹೇಳುತ್ತದೆ. ಇದಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ ಬೇಕೆ ಎಂದು ತೋರುವುದಲ್ಲವೆ? ಒಂದು ಲಕ್ಷ ಶಿಶುಗಳನ್ನು ಪರೀಕ್ಷಿಸಿರಿ. ನಿಜವಾದ ರೋಗಿಗಳು 10. ತಪ್ಪಾಗಿ ಸಿಕ್ಕಿಬಿದ್ದವರು ಸುಮಾರು 100. ಅಂದರೆ 'ನಿಮ್ಮ ಮಗುವಿಗೆ ರೋಗವಿರಬಹುದು' ಎಂಬ ಕಾಗದ ಬಂದ 110 ಮನೆಗಳಲ್ಲಿ 100 ಮನೆಯವರು ವೃಥಾ ಕಂಗೆಡುವರು. ಎರಡನೆಯ ಪರೀಕ್ಷೆ ಬೇಗ ಆಗದಿದ್ದರೆ, ಅಥವಾ ವೈದ್ಯನು ಅವಸರಪಟ್ಟರೆ, ಆರೋಗ್ಯವಂತ ಮಗುವಿಗೂ ಕಟ್ಟುನಿಟ್ಟಿನ ಪಥ್ಯ ಆರಂಭವಾಗುವುದು. ಫಿನೈಲ್ ಅಲನಿನ್ ದೇಹದ ಬೆಳೆವಣಿಗೆಗೆ ಅತ್ಯಗತ್ಯವಾದ ವಸ್ತು. ಅದನ್ನು ತೀರ ಕಡಿಮೆ ಮಾಡಿದರೆ ಮಗು ಸೊರಗಿಹೋಗುತ್ತದೆ. ಆರಂಭದ ವರ್ಷಗಳಲ್ಲಿ ಇಂಥ ಅನಾಹುತಗಳು ನಡೆದೂ ಇದ್ದುವು. ಪರೀಕ್ಷೆ ಎಷ್ಟು ಚೆನ್ನಾಗಿದೆ ಎಂಬುದೊಂದೇ ಸಾಲದು. ರೋಗ ಎಷ್ಟು ವಿರಳ ಎಂಬುದೂ ಫಲಿತಾಂಶದ ಬೆಲೆಯನ್ನು ನಿರ್ಧರಿಸುತ್ತದೆ. ಈ ವಿದ್ಯೆಯ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರವನ್ನು ಅಷ್ಟು ನಿಷ್ಠುರವಾಗಿ ಕಲಿಸುವುದು ಈ ಕಾರಣದಿಂದಲೇ.

ಮುಂದಿನ ತಲೆಮಾರಿನಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಪಥ್ಯದಿಂದ ಉಳಿದ ಹೆಣ್ಣುಮಕ್ಕಳು ಬೆಳೆದರು, ಓದಿದರು, ಮದುವೆಯಾದರು. ಮಿದುಳು ಬೆಳೆದ ಮೇಲೆ ಪಥ್ಯ ಬೇಡವೆಂದು ವೈದ್ಯರೇ ಅನೇಕರಿಗೆ ಹೇಳಿದ್ದರು. ಅವರು ಗರ್ಭಿಣಿಯರಾದಾಗ ಅವರ ರಕ್ತದಲ್ಲಿ ತುಂಬಿದ್ದ ಫಿನೈಲ್ ಅಲನಿನ್ ಹೊಟ್ಟೆಯಲ್ಲಿದ್ದ ಶಿಶುವಿನ ಮಿದುಳನ್ನೇ ಹಾಳುಮಾಡಿತು. ಶಿಶುವಿಗೆ ತಂದೆಯಿಂದ ಒಳ್ಳೆಯ ಜೀನು ಬಂದಿದ್ದರೂ ಪ್ರಯೋಜನವಾಗಲಿಲ್ಲ. ಒಂದು ತಲೆಮಾರನ್ನು ಉಳಿಸಿದ ಇಲಾಖೆಯು ಇಪ್ಪತ್ತು ವರ್ಷಗಳ ಅನಂತರ ಅದೇ ಹುಡುಗಿಯರನ್ನು ಹುಡುಕಿಕೊಂಡು ಹೋಗಬೇಕಾಯಿತು. ರಕ್ತದ ತೊಟ್ಟನ್ನು ತೆಗೆದುಕೊಳ್ಳುವುದು ಒಂದು ನಿಮಿಷದ ಕೆಲಸ; ಅದರಿಂದ ಹುಟ್ಟುವ ಹೊಣೆ ಒಂದು ಜೀವಮಾನದ್ದು.

ಆನುವಂಶಿಕ ರೋಗವುಳ್ಳವರಿಗೆ ಮಕ್ಕಳಾಗದಂತೆ ಮಾಡಿದರೆ ರೋಗವೇ ನಾಶವಾಗದೇ ಎಂದು ಕೇಳುವವರು ಇಂದಿಗೂ ಉಂಟು. ಈ ಪ್ರಶ್ನೆಗೆ ನೀತಿಯ ಉತ್ತರವೊಂದಿದೆ. ಗಣಿತದ ಉತ್ತರವೂ ಒಂದಿದೆ. ಗಣಿತದ್ದನ್ನು ಮೊದಲು ನೋಡೋಣ. ಇಂಗ್ಲೆಂಡಿನ ಹಾರ್ಡಿ ಮತ್ತು ಜರ್ಮನಿಯ ವೈನ್‌ಬರ್ಗ್ 1908ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದ ನಿಯಮದಂತೆ, ಎರಡು ಕೆಟ್ಟ ಜೀನುಗಳು ಕೂಡಿದರೆ ಮಾತ್ರ ಬರುವ ರೋಗವು 10,000 ಜನರಲ್ಲಿ ಒಬ್ಬನಿಗೆ ಇದ್ದರೆ, ಆ ಸಮುದಾಯದಲ್ಲಿ ನೂರಕ್ಕೊಂದು ಜೀನು ಕೆಟ್ಟಿರುತ್ತದೆ. ಹತ್ತು ಸಾವಿರ ಜನರಲ್ಲಿ ಇಪ್ಪತ್ತು ಸಾವಿರ ಜೀನುಗಳು. ಅವುಗಳಲ್ಲಿ ಕೆಟ್ಟುವು 200. ರೋಗಿಯಲ್ಲಿರುವುವು ಎರಡು ಮಾತ್ರ. ಉಳಿದ 198, ತಮಗೆ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ 198 ಆರೋಗ್ಯವಂತರಲ್ಲಿ ಅಡಗಿವೆ. ರೋಗಿಗಳನ್ನೆಲ್ಲ ಸಂತಾನಹೀನರನ್ನಾಗಿಸಿದರೂ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಜೀನುಗಳು ಹಾಗೆಯೇ ಉಳಿಯುತ್ತವೆ. ಅಷ್ಟೇ ಅಲ್ಲ, ಇಂಥ ಯಾವುದಾದರೊಂದು ರೋಗದ ಜೀನು ನಮ್ಮಲ್ಲಿ ಬಹುಮಂದಿಯಲ್ಲಿ ಅಡಗಿಯೇ ಇರುತ್ತದೆ. ಇದನ್ನು ಬರೆಯುವವನಲ್ಲಿಯೂ, ಓದುವವರಲ್ಲಿಯೂ.

ಈ ಲೆಕ್ಕ ತಿಳಿದಿದ್ದ ಕಾಲದಲ್ಲಿಯೇ, 1927ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯ ಸಂಸ್ಥಾನದ ಬಲವಂತ ಸಂತಾನಹರಣ ಕಾನೂನನ್ನು ಎತ್ತಿಹಿಡಿಯಿತು. ಅಂಥ ಕಾನೂನುಗಳ ಬಾಯಿಗೆ ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಬಿದ್ದರು. 1933ರಲ್ಲಿ ಜರ್ಮನಿಯ ನಾಜಿ ಸರ್ಕಾರ ಮಾಡಿದ ಕಾನೂನಿನ ಬಲಿಗಳು ಸುಮಾರು 4 ಲಕ್ಷ. 1939ರಲ್ಲಿ ಆ ನಾಜಿಗಳಿಂದ ತಪ್ಪಿಸಿಕೊಳ್ಳಲು ಸೇಂಟ್ ಲೂಯಿಸ್ ಎಂಬ ಹಡಗಿನಲ್ಲಿ ಹೊರಟ ಯೆಹೂದಿ ನಿರಾಶ್ರಿತರಲ್ಲಿ ಆರ್ನೋ ಮೊಟುಲ್ಸ್ಕಿ ಎಂಬ ಹುಡುಗನಿದ್ದನು. ಹಡಗನ್ನು ಕ್ಯೂಬಾ ದೇಶವು ಹಿಂದಕ್ಕೆ ಕಳುಹಿಸಿತು. ಬೆಲ್ಜಿಯಂ, ಫ್ರಾನ್ಸಿನ ಬಂಧನ ಶಿಬಿರ ಎಲ್ಲವನ್ನೂ ದಾಟಿ 1941ರಲ್ಲಿ ಆತ ಅಮೆರಿಕವನ್ನು ಸೇರಿದನು. ವೈದ್ಯನಾಗಿ, 1957ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ತಳಿವಿಜ್ಞಾನದ ವಿಭಾಗವನ್ನು ಕಟ್ಟಿದನು. ವಂಶದ ಹೆಸರಿನಲ್ಲಿ ಬೇಟೆಗೊಳಗಾದವನೇ ವಂಶವಿಜ್ಞಾನದ ಆಚಾರ್ಯನಾದದ್ದು ಚರಿತ್ರೆಯ ಒಂದು ವಿಚಿತ್ರ.

ಅದೇ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಸಾರ್ವಜನಿಕ ಆರೋಗ್ಯ ತಳಿವಿಜ್ಞಾನಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು. ಮಾನವ ಜೀನೋಮ್ ಯೋಜನೆಯು 1990ರಲ್ಲಿ ಆರಂಭವಾಗಿ ಭರದಿಂದ ಸಾಗಿದ್ದ ಕಾಲವದು. ಆ ಯೋಜನೆಯ ಹಣದಲ್ಲಿ ಒಂದು ಪಾಲನ್ನು ಜೀನುಗಳ ನೀತಿ, ಕಾನೂನು, ಸಮಾಜ ಇವುಗಳ ಪ್ರಶ್ನೆಗಳಿಗಾಗಿಯೇ ತೆಗೆದಿರಿಸಿದ್ದರು. ಸಿಯಾಟಲ್ಲಿನ ವ್ಯಾಸಂಗವು ಒಂದೇ ವಿಭಾಗದ ನಾಲ್ಕು ಗೋಡೆಗಳೊಳಗೆ ನಡೆಯುವಂಥದಲ್ಲ. ಜನಸಮುದಾಯದಲ್ಲಿ ರೋಗ ಹರಡುವ ರೀತಿಯನ್ನೂ ಜೀನುಗಳ ಪಾತ್ರವನ್ನೂ ಒಟ್ಟಿಗೆ ಅಳೆಯುವ ತಳಿ ಸೋಂಕುಶಾಸ್ತ್ರ ಒಂದು ಕಡೆ. ಜೀನೂ ಪರಿಸರವೂ ಸಂಧಿಸುವಲ್ಲಿ ಏನಾಗುತ್ತದೆಂಬ ವಿಚಾರ ಇನ್ನೊಂದು ಕಡೆ. ಇವುಗಳ ಜೊತೆಗೆ ಕಾನೂನು, ನೀತಿಶಾಸ್ತ್ರ, ಅರ್ಥಶಾಸ್ತ್ರ. ಮಿಚಿಗನ್ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳ ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿಯೂ ಈ ವಿದ್ಯೆಗೆ ಸ್ಥಾನ ದೊರೆಯಿತು. ರೋಗವಿಜ್ಞಾನದ ತರಗತಿಯಲ್ಲಿ ಕುಳಿತು ಕಾನೂನಿನ ಪುಸ್ತಕವನ್ನು ಓದಬೇಕೇ ಎಂದು ಕೇಳುವವರಿಗೆ ಮೊಟುಲ್ಸ್ಕಿಯ ಜೀವನವೇ ಉತ್ತರ.

ಜೀನೂ ಪರಿಸರವೂ ಸಂಧಿಸುವುದೆಂದರೇನು? ಮಲೇರಿಯಕ್ಕೆ ಕೊಡುವ ಪ್ರೈಮಾಕ್ವಿನ್ ಎಂಬ ಔಷಧಿಯನ್ನು ನುಂಗಿದ ಕೆಲವರಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗುತ್ತಿದ್ದುವು. ಅವರಲ್ಲಿ ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವುದೇ ಕಾರಣವೆಂದು 1956ರಲ್ಲಿ ತಿಳಿಯಿತು. ಔಷಧಿ ನುಂಗದಿದ್ದರೆ ಅವರಲ್ಲಿ ಬಹುಮಂದಿ ಆರೋಗ್ಯವಾಗಿಯೇ ಇರುವರು. ಇದಕ್ಕಿಂತ ಹತ್ತಿರದ ಉದಾಹರಣೆಯೊಂದುಂಟು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಬ್ಯೂಟಿರೈಲ್ ಕೋಲಿನ್ ಎಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಡೆಗಿಂತ ಬಹಳ ಹೆಚ್ಚಾಗಿದೆ. ಕೆಲವೇ ಪೂರ್ವಿಕರಿಂದ ಬೆಳೆದು, ಶತಮಾನಗಳಿಂದ ತಮ್ಮೊಳಗೇ ಮದುವೆ ಮಾಡಿಕೊಂಡು ಬಂದ ಸಮುದಾಯಗಳಲ್ಲೆಲ್ಲ ಇಂಥ ಒಂದಲ್ಲ ಒಂದು ವಿಶೇಷ ಕಾಣುವುದು ಸಹಜ. ಅದರಲ್ಲಿ ಕುಂದೇನೂ ಇಲ್ಲ. ಈ ಕೊರತೆಯವರು ನೂರು ವರ್ಷ ಬದುಕಿದರೂ ಅದರ ಸುಳಿವೇ ಹತ್ತಲಿಕ್ಕಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಮೊದಲು ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್ ಕೋಲಿನ್ ಎಂಬ ಔಷಧಿಯನ್ನು ಚುಚ್ಚಿದರೆ, ಕೆಲವು ನಿಮಿಷಗಳಲ್ಲಿ ಮರಳಬೇಕಾದ ಉಸಿರು ಗಂಟೆಗಳಾದರೂ ಮರಳುವುದಿಲ್ಲ. ಇಲ್ಲಿ ಪಥ್ಯ ಬೇಡ, ದುಬಾರಿ ಚಿಕಿತ್ಸೆ ಬೇಡ. ಅರಿವಳಿಕೆ ಕೊಡುವ ವೈದ್ಯರ ಕಿವಿಗೆ ಒಂದು ಮಾತು ಬಿದ್ದಿದ್ದರೆ ಸಾಕು. ಬೇರೆ ಔಷಧಿ ಇದ್ದೇ ಇದೆ. ತಳಿವಿಜ್ಞಾನದ ಅರಿವು ಇಷ್ಟು ಅಗ್ಗವಾಗಿ ಜೀವವನ್ನು ಉಳಿಸುವ ಸಂದರ್ಭಗಳು ಹೆಚ್ಚಿಲ್ಲ.

ಅರಿವು ಕೆಡುಕನ್ನು ತಂದ ಸಂದರ್ಭಗಳೂ ಉಂಟು. ಕುಡುಗೋಲು ಕಣದ ರಕ್ತಹೀನತೆಯನ್ನು ತೆಗೆದುಕೊಳ್ಳಿರಿ. ಕೆಂಪು ಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾಗದ ನೋವನ್ನು ಉಂಟುಮಾಡುವ ರೋಗವಿದು. ಎರಡು ಕೆಟ್ಟ ಜೀನುಗಳುಳ್ಳವನು ರೋಗಿ; ಒಂದುಳ್ಳವನು ಆರೋಗ್ಯವಂತನೇ, ಮೇಲಾಗಿ ಮಲೇರಿಯದಿಂದ ಅವನಿಗೆ ಸ್ವಲ್ಪ ರಕ್ಷಣೆಯೂ ಉಂಟೆಂದು 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿದನು. 1970ರ ದಶಕದಲ್ಲಿ ಅಮೆರಿಕದ ಹಲವು ಸಂಸ್ಥಾನಗಳು ಕರಿಯ ಜನರಿಗೆ ಇದರ ಪರೀಕ್ಷೆಯನ್ನು ಕಡ್ಡಾಯಮಾಡಿದುವು. ಆಗ ರೋಗಕ್ಕೆ ಹೇಳಿಕೊಳ್ಳುವಂಥ ಚಿಕಿತ್ಸೆಯಿರಲಿಲ್ಲ. ಪರೀಕ್ಷೆಯ ಫಲಿತಾಂಶವನ್ನು ವಿವರಿಸುವವರೂ ಸಾಲದಾಗಿದ್ದರು. ಒಂದೇ ಜೀನುಳ್ಳ ಆರೋಗ್ಯವಂತರನ್ನೂ ರೋಗಿಗಳೆಂದು ಭಾವಿಸಿ ಕೆಲಸ ಕೊಡದವರು, ವಿಮೆ ನಿರಾಕರಿಸಿದವರು ಹುಟ್ಟಿಕೊಂಡರು. ಆ ದೇಶದ ವಾಯುಪಡೆಯ ಅಕಾಡೆಮಿಯು 1981ರವರೆಗೆ ಅಂಥವರಿಗೆ ಪ್ರವೇಶವನ್ನೇ ಕೊಡುತ್ತಿರಲಿಲ್ಲ. ಜೀನಿನ ಕಾರಣದಿಂದ ಉದ್ಯೋಗದಲ್ಲಿಯೂ ಆರೋಗ್ಯ ವಿಮೆಯಲ್ಲಿಯೂ ಭೇದ ಮಾಡಬಾರದೆಂಬ ಕಾನೂನು ಅಲ್ಲಿ ಬಂದುದು 2008ರಲ್ಲಿ.

ನಮಗೆ ಇನ್ನೂ ಹತ್ತಿರವಾದುದು ಗ್ರೀಸ್ ದೇಶದ ಓರ್ಖೊಮೆನೋಸ್ ಎಂಬ ಊರಿನ ಅನುಭವ. ಅಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕುಡುಗೋಲು ಕಣದ ಒಂದು ಜೀನು ಇತ್ತು. ನಮ್ಮಲ್ಲಿಯಂತೆ ಅಲ್ಲಿಯೂ ಹಿರಿಯರು ಕುದುರಿಸುವ ಮದುವೆಗಳು. ಸ್ಟಮಟೊಯಾನೊಪೌಲಸ್ ಎಂಬ ವಿಜ್ಞಾನಿಯು ಊರವರ ರಕ್ತವನ್ನು ಪರೀಕ್ಷಿಸಿ, ಜೀನುಳ್ಳವರು ಪರಸ್ಪರ ಮದುವೆಯಾಗದಿದ್ದರೆ ರೋಗಿ ಮಗು ಹುಟ್ಟುವುದಿಲ್ಲವೆಂದು ತಿಳಿಸಿಹೇಳಿದನು. ಕೆಲವು ವರ್ಷಗಳ ಬಳಿಕ ಹೋಗಿ ನೋಡಿದರೆ, ಇಬ್ಬರೂ ಜೀನುಳ್ಳವರಾಗಿದ್ದ ದಂಪತಿಗಳು ಏನೂ ಕಡಿಮೆಯಾಗಿರಲಿಲ್ಲ. ಆದದ್ದಿಷ್ಟು: ಜೀನುಳ್ಳವರಿಗೆ ಸಂಬಂಧ ಕೂಡಿಬರುವುದು ಕಷ್ಟವಾಯಿತು, ಅವರು ವಿಷಯವನ್ನು ಮುಚ್ಚಿಟ್ಟರು, ಮುಚ್ಚಿಟ್ಟವರು ಮುಚ್ಚಿಟ್ಟವರನ್ನೇ ಮದುವೆಯಾದರು. ವಿಜ್ಞಾನ ಸರಿಯಾಗಿತ್ತು, ಊರನ್ನು ಅರಿತುಕೊಂಡಿರಲಿಲ್ಲ.

ಸೈಪ್ರಸ್ ದ್ವೀಪದವರು ಬೇರೆ ದಾರಿ ಹಿಡಿದರು. ಅಲ್ಲಿನ ರೋಗ ತಲಸ್ಸೀಮಿಯ. ಏಳು ಜನರಲ್ಲಿ ಒಬ್ಬರು ಅದರ ಜೀನುಳ್ಳವರು. ಏಳನ್ನು ಏಳರಿಂದ ಗುಣಿಸಿದರೆ 49. ಅಂದರೆ 49 ದಂಪತಿಗಳಲ್ಲಿ ಒಂದು ಜೋಡಿ ಅಪಾಯದಲ್ಲಿದೆ. ಅವರ ಮಕ್ಕಳಲ್ಲಿ ಕಾಲುಭಾಗಕ್ಕೆ ರೋಗ. 196 ಶಿಶುಗಳಿಗೆ ಒಂದು! ಪ್ರತಿಯೊಂದು ರೋಗಿಗೂ ಬದುಕಿರುವವರೆಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕು. ಚಿಕ್ಕ ದ್ವೀಪದ ರಕ್ತನಿಧಿಗಳೂ ಬೊಕ್ಕಸವೂ ಆ ಭಾರವನ್ನು ಎಷ್ಟು ಕಾಲ ಹೊತ್ತಾವು? 1983ರಿಂದ ಅಲ್ಲಿನ ಸನಾತನ ಕ್ರೈಸ್ತ ಚರ್ಚು ಮದುವೆಗೆ ಮೊದಲು ಒಂದು ಪ್ರಮಾಣಪತ್ರವನ್ನು ಕೇಳತೊಡಗಿತು. ವಧೂವರರು ಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆದಿದ್ದಾರೆ ಎಂಬಷ್ಟನ್ನೇ ಅದು ಹೇಳುತ್ತದೆ. ಫಲಿತಾಂಶವೇನೆಂಬುದು ಪಾದ್ರಿಗೆ ತಿಳಿಯುವುದಿಲ್ಲ. ಮದುವೆಯಾಗುವುದೂ ಬಿಡುವುದೂ ಅವರ ಇಚ್ಛೆ. ಬಹುಮಂದಿ ಮದುವೆಯನ್ನು ಮುರಿಯಲಿಲ್ಲ. ಗರ್ಭದಲ್ಲಿಯೇ ಶಿಶುವನ್ನು ಪರೀಕ್ಷಿಸುವ ಅನುಕೂಲವನ್ನು ಬಳಸಿಕೊಂಡರು. ಹೊಸ ರೋಗಿಗಳ ಹುಟ್ಟು ಹೆಚ್ಚುಕಡಿಮೆ ನಿಂತೇಹೋಯಿತು. ಗರ್ಭಪರೀಕ್ಷೆಯೆಂದೊಡನೆ ನಮ್ಮ ದೇಶದ ಬೇರೊಂದು ಚರಿತ್ರೆ ಕಣ್ಣಮುಂದೆ ಬರುತ್ತದೆ. ರೋಗವನ್ನು ತಿಳಿಯಲೆಂದು ಬಂದ ತಂತ್ರವನ್ನು ಇಲ್ಲಿ ಹೆಣ್ಣುಶಿಶುವಿನ ಮೇಲೆ ತಿರುಗಿಸಿದುದರಿಂದಲೇ 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು.

ಕುಡುಗೋಲು ಕಣವು ಭಾರತದಲ್ಲಿಯೂ ಇದೆಯೆಂದು ಮೊದಲು ತಿಳಿದುದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಗಿರಿಜನರ ರಕ್ತಪರೀಕ್ಷೆಯಿಂದ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿಗಳಲ್ಲಿಯೂ ಅದು ಉಂಟು. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಈ ರೋಗವನ್ನು 2047ರೊಳಗಾಗಿ ತೊಡೆದುಹಾಕುವ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ ಅದರ ಗುರಿ. ಪರೀಕ್ಷಿಸಿಕೊಂಡವರಿಗೆ ಫಲಿತಾಂಶದ ಕಾರ್ಡನ್ನು ಕೊಡುವ ಏರ್ಪಾಡೂ ಉಂಟು. ಜಾತಕದ ಜೊತೆಗೆ ಈ ಕಾರ್ಡನ್ನೂ ಹೊಂದಿಸಿ ನೋಡಬೇಕಾದ ಕಾಲ ಬಂದಿದೆ. ಆ ಕಾರ್ಡು ಸೈಪ್ರಸ್ಸಿನ ಪ್ರಮಾಣಪತ್ರವಾಗುವುದೋ, ಓರ್ಖೊಮೆನೋಸ್ ಊರಿನ ಗುಟ್ಟಾಗುವುದೋ ಎಂಬುದು ರಕ್ತಪರೀಕ್ಷೆಯ ಯಂತ್ರವನ್ನು ಅವಲಂಬಿಸಿಲ್ಲ.

ಮದುವೆಯ ಮಾತು ಬಂದುದರಿಂದ ಕನ್ನಡನಾಡಿನ ಒಂದು ಪದ್ಧತಿಯನ್ನು ಬಿಟ್ಟು ಮುಂದೆ ಹೋಗಲಾಗದು. ಅಕ್ಕನ ಮಗಳನ್ನು ಮದುವೆಯಾಗುವುದೂ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ತರುವುದೂ ನಮ್ಮಲ್ಲಿ ಪೂರ್ವದಿಂದ ಬಂದ ರೂಢಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಸಂಗಡಿಗರು 1980ರಲ್ಲಿ ಕರ್ನಾಟಕದ ನವಜಾತ ಶಿಶುಗಳ ರಕ್ತಪರೀಕ್ಷೆಯನ್ನು ಆರಂಭಿಸಿದರು. ಭಾರತದಲ್ಲಿ ಇಂಥದು ಅದೇ ಮೊದಲು. 1,12,000ಕ್ಕೂ ಹೆಚ್ಚು ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ದೋಷವನ್ನು ಹುಡುಕಿದ ಈ ಕಾರ್ಯದ ಜೊತೆಯಲ್ಲಿಯೇ ತಂದೆತಾಯಿಗಳ ರಕ್ತಸಂಬಂಧವನ್ನೂ ಕೇಳಿ ಬರೆದುಕೊಂಡರು. ಮೂರು ಮದುವೆಗಳಲ್ಲಿ ಹೆಚ್ಚುಕಡಿಮೆ ಒಂದು ರಕ್ತಸಂಬಂಧದೊಳಗಿನದೆಂದು ಕಂಡುಬಂದಿತು.

ಇದರ ಲೆಕ್ಕವೇನು? ಮೇಲೆ ಹೇಳಿದ, ಹತ್ತು ಸಾವಿರಕ್ಕೊಬ್ಬರಿಗೆ ಬರುವ ರೋಗವನ್ನೇ ತೆಗೆದುಕೊಳ್ಳೋಣ. ಸೋದರಮಾವ ಮತ್ತು ಅಕ್ಕನ ಮಗಳ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನ ಒಂದೇ ಜೀನಿನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಇದನ್ನು ಸೇರಿಸಿ ಗಣಿಸಿದರೆ ರೋಗದ ಸಂಭವ 10,000ಕ್ಕೆ 1 ಇದ್ದುದು 13ಕ್ಕೆ ಏರುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳ ಮದುವೆಯಲ್ಲಿ ಸುಮಾರು 7ಕ್ಕೆ. 'ಹದಿಮೂರು ಪಟ್ಟು ಅಪಾಯ' ಎಂದು ಹೇಳಿದರೆ ಕೇಳಿದವರ ಎದೆ ಝಲ್ಲೆನ್ನುವುದು. 'ಹತ್ತು ಸಾವಿರದಲ್ಲಿ 9,987 ಮಕ್ಕಳಿಗೆ ಈ ರೋಗವಿಲ್ಲ' ಎಂದರೆ ಯಾರೂ ತಿರುಗಿ ನೋಡರು. ಎರಡೂ ನಿಜ. ಇಂಥ ವಿರಳ ರೋಗಗಳು ಒಂದಲ್ಲ, ಸಾವಿರಾರು ಇರುವುದರಿಂದ ಇದನ್ನು ಕಡೆಗಣಿಸುವಂತೆಯೂ ಇಲ್ಲ. ಎದುರಿಗೆ ಕುಳಿತ ದಂಪತಿಗಳಿಗೆ ಯಾವ ಸಂಖ್ಯೆಯನ್ನು, ಹೇಗೆ ಹೇಳಬೇಕು? ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಹೇಳಬೇಕು. ಒಂದನ್ನೇ ಹೇಳಿ ಹೆದರಿಸುವುದು ವೈದ್ಯವಿದ್ಯೆಯಲ್ಲ.

ನಮ್ಮ ದೇಶದ ವಿದ್ಯಾರ್ಥಿಯು ಈ ಮಾರ್ಗದಲ್ಲಿ ಹೋಗಬಯಸಿದರೆ, ಈ ವಿದ್ಯೆಯ ಅಂಗಗಳು ಬೇರೆ ಬೇರೆ ಕಡೆ ಹಂಚಿಕೊಂಡಿರುವುದನ್ನು ಕಾಣುವನು. ಮೈಸೂರು ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನದ ಅಧ್ಯಯನ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾನವ ತಳಿವಿಜ್ಞಾನವೂ, ಮಣಿಪಾಲದಲ್ಲಿ ವೈದ್ಯಕೀಯ ತಳಿವಿಜ್ಞಾನವೂ ನಡೆಯುತ್ತಿವೆ. ವೈದ್ಯರಾದವರಿಗೆ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿ ಉನ್ನತ ತರಬೇತಿಯುಂಟು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯನ್ನು ತಿರುವನಂತಪುರದ ಅಚ್ಯುತ ಮೇನೋನ್ ಕೇಂದ್ರವು 1997ರಲ್ಲಿ, ಸಿಯಾಟಲ್ಲಿನ ಸಂಸ್ಥೆ ಹುಟ್ಟಿದ ವರ್ಷವೇ, ಆರಂಭಿಸಿತು. ಜೀವವಿಜ್ಞಾನದ ಪದವೀಧರನೇ ಆಗಬೇಕೆಂದಿಲ್ಲ. ಸಂಖ್ಯಾಶಾಸ್ತ್ರದಿಂದ, ಕಾನೂನಿನಿಂದ, ಮಾನವಶಾಸ್ತ್ರದಿಂದ ಬಂದವರಿಗೂ ಇಲ್ಲಿ ಕೆಲಸವಿದೆ. ಗಣಿತವನ್ನು ಕಂಡರೆ ಓಡುವವರಿಗೆ ಮಾತ್ರ ಸ್ವಲ್ಪ ಕಷ್ಟ.

ಕನ್ನಡದಲ್ಲಿಯೇ ಮಾಡಬೇಕಾದ ಕೆಲಸವೊಂದಿದೆ. ಕೆಟ್ಟ ಜೀನೊಂದನ್ನು ಮಾತ್ರ ಹೊಂದಿ ತಾನು ಆರೋಗ್ಯವಾಗಿರುವವನನ್ನು ನಮ್ಮ ಪುಸ್ತಕಗಳು 'ವಾಹಕ' ಎಂದು ಕರೆಯುತ್ತವೆ. ಈ ಲೇಖನದಲ್ಲಿ ಬೇಕೆಂದೇ ಆ ಪದವನ್ನು ಬಳಸಿಲ್ಲ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಲೇರಿಯದ ವಾಹಕ ಸೊಳ್ಳೆ, ಪ್ಲೇಗಿನ ವಾಹಕ ಚಿಗಟ ಎಂದು ಹೇಳಿಕೊಟ್ಟ ಪದವೂ ಅದೇ. ಹಾಡಿಯೊಂದರ ಹೆಂಗಸಿನ ಕೈಗೆ ಕಾರ್ಡನ್ನು ಕೊಟ್ಟು 'ನೀವು ವಾಹಕರು' ಎಂದರೆ, ತನ್ನಿಂದ ಮಗುವಿಗೂ ನೆರೆಯವರಿಗೂ ರೋಗ ಅಂಟೀತೆಂದು ಆಕೆ ತಿಳಿದುಕೊಂಡರೆ ತಪ್ಪು ಯಾರದು? 'ಒಂದು ಪಾಲಿನವರು', 'ಎರಡು ಪಾಲಿನವರು' ಎಂದು ಹೇಳಿದರೆ ಹೇಗೆ? ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಎಂಬುದನ್ನು ಆಸ್ತಿಯ ಲೆಕ್ಕ ಬಲ್ಲ ನಮ್ಮ ಜನಕ್ಕೆ ವಿವರಿಸಲು ಹೆಚ್ಚು ಹೊತ್ತು ಬೇಕಾಗಲಾರದು. ಇದಕ್ಕಿಂತ ಉತ್ತಮವಾದ ಪದವು ಜೇನುಕುರುಬರ, ಸೋಲಿಗರ ಮಾತಿನಲ್ಲಿಯೇ ಇದ್ದರೂ ಇರಬಹುದು. ಹೋಗಿ ಕೇಳಿಬರಬೇಕು.